ಸಿಗದಿದ್ದುದರ ಲೆಕ್ಕ

ಬೆಳಗಿನ ನಡಿಗೆಯಲ್ಲಿ ಜೊತೆಯಾಗುವ ಹಿರಿಯ ಮಿತ್ರರೊಬ್ಬರು ಈಚೆಗೆ ನನ್ನನ್ನು ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು ಕೇಳಿದರು: 'ಮೇಷ್ಟ್ರೇ, ಐದು ವರ್ಷ ಹುಡುಕಿ ಏನೂ ಸಿಗಲಿಲ್ಲ ಅಂತ ಬರೆದುಕೊಟ್ಟರೂ ಡಾಕ್ಟರೇಟ್ ಕೊಡ್ತಾರೇನು?' ಅವರು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಸಂಜೆಯ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೊರಡದ ಕಾಲದವರು. ಅವರ ಮಗಳು ಪದವಿ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಯುರೋಪಿನ ವಿಶ್ವವಿದ್ಯಾಲಯವೊಂದರಲ್ಲಿ ಆಕೆ ಸಲ್ಲಿಸಿದ ಪ್ರಬಂಧದ ಕೊನೆಯ ಅಧ್ಯಾಯ ಹೇಳುವುದು ಇಷ್ಟೇ: ಇಂತಿಷ್ಟು ವ್ಯಾಪ್ತಿಯಲ್ಲಿ ಹುಡುಕಲಾಯಿತು, ನಿರೀಕ್ಷಿಸಿದ ಕಣದ ಸುಳಿವು ದೊರೆಯಲಿಲ್ಲ. ಪದವಿಯೇನೋ ಬಂತು. ಆದರೆ ಊರಿಗೆ ಮರಳಿ ಸಂಸ್ಥೆಯೊಂದರ ಸಂದರ್ಶನಕ್ಕೆ ಹೋದಾಗ ಸಮಿತಿಯ ಸದಸ್ಯರೊಬ್ಬರು, 'ಅಂದರೆ, ನೀವು ಕಂಡುಹಿಡಿದದ್ದು ಏನೂ ಇಲ್ಲ' ಎಂದು ನಕ್ಕರಂತೆ. ಕೆಲಸ ಸಿಗಲಿಲ್ಲ. ತಂದೆಯ ಪ್ರಶ್ನೆಯ ಹಿಂದಿದ್ದುದು ಕುತೂಹಲವಲ್ಲ, ಸಂಕಟ.

ಆ ನಗುವಿನ ಬಗ್ಗೆ ನನಗೆ ತಕರಾರಿದೆ. ಅದನ್ನು ವಿವರಿಸಬೇಕಾದರೆ ಆಕೆ ಹುಡುಕುತ್ತಿದ್ದುದು ಏನನ್ನು ಎಂಬುದನ್ನು ಮೊದಲು ಹೇಳಬೇಕು.

ನ್ಯೂಟ್ರಿನೋ ಎಂಬ ಹೆಸರು ಓದುಗರಿಗೆ ಹೊಸತಲ್ಲ. ಸೂರ್ಯನಿಂದ ಹೊರಟ ಈ ಕಣಗಳು ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಸೆಕೆಂಡಿಗೆ ಆರು ಸಾವಿರ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಹಾದುಹೋಗುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಬಹುಕಾಲ ಇವಕ್ಕೆ ದ್ರವ್ಯರಾಶಿಯೇ ಇಲ್ಲವೆಂದು ತಿಳಿಯಲಾಗಿತ್ತು. ಜಪಾನಿನ ಸೂಪರ್ ಕಾಮಿಯೋಕಾಂಡೆ 1998ರಲ್ಲಿ, ಕೆನಡಾದ ಸಡ್ಬರಿ ಪ್ರಯೋಗ 2001-02ರಲ್ಲಿ ನ್ಯೂಟ್ರಿನೋಗಳು ಹಾದಿಯಲ್ಲಿ ವೇಷ ಬದಲಿಸುತ್ತವೆಂದು ತೋರಿಸಿದವು. ದ್ರವ್ಯರಾಶಿ ಇಲ್ಲದೆ ಈ ವೇಷಾಂತರ ಸಾಧ್ಯವಿಲ್ಲ. 2015ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರ ಇದಕ್ಕೇ ಸಂದಿತು. ಆದರೆ ಆ ದ್ರವ್ಯರಾಶಿ ಎಷ್ಟು? ಜರ್ಮನಿಯ ಕಾಟ್ರಿನ್ ಪ್ರಯೋಗ 2025ರಲ್ಲಿ ಪ್ರಕಟಿಸಿದ ಮೇಲ್ಮಿತಿ 0.45 ಎಲೆಕ್ಟ್ರಾನ್‌ವೋಲ್ಟ್. ನಮಗೆ ಗೊತ್ತಿರುವ ಹಗುರ ಕಣಗಳಲ್ಲೊಂದಾದ ಎಲೆಕ್ಟ್ರಾನಿಗಿಂತಲೂ ನ್ಯೂಟ್ರಿನೋ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಹಗುರ. ಇಷ್ಟೊಂದು ಹಗುರವೇಕೆ ಎಂಬ ಪ್ರಶ್ನೆಗೆ ಇಂದಿನ ಸಿದ್ಧಾಂತದಲ್ಲಿ ಉತ್ತರವಿಲ್ಲ.

ಇನ್ನೊಂದು ವಿಚಿತ್ರವಿದೆ. ಬುಗುರಿಯಂತೆ ಗಿರಕಿ ಹೊಡೆಯುವ ದ್ರವ್ಯಕಣಗಳಲ್ಲಿ ಎಡಗೈ ಬಗೆ, ಬಲಗೈ ಬಗೆ ಎಂದು ಎರಡುಂಟು. ಎಲೆಕ್ಟ್ರಾನಿಗೆ ಎರಡೂ ಇವೆ, ಕ್ವಾರ್ಕುಗಳಿಗೂ ಇವೆ. ನ್ಯೂಟ್ರಿನೋ ಮಾತ್ರ ಇದುವರೆಗೆ ಕಾಣಿಸಿಕೊಂಡಿರುವುದು ಎಡಗೈಯದಾಗಿಯೇ. ಬಲಗೈಯ ಜೊತೆಗಾರ ಎಲ್ಲಿ? 1977ರಿಂದ 1980ರ ಅವಧಿಯಲ್ಲಿ ಹಲವರು ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ತಲುಪಿದರು. ಮಿಂಕೋವ್ಸ್ಕಿ, ಯಾನಾಗಿದಾ, ಗೆಲ್-ಮನ್ ಮತ್ತು ಸಂಗಡಿಗರ ಜೊತೆ ಆ ಪಟ್ಟಿಯಲ್ಲಿ ಸೆನ್ಯಾನೋವಿಚ್ ಮತ್ತು ನಮ್ಮ ಒಡಿಶಾ ಮೂಲದ ರವೀಂದ್ರ ಮೊಹಾಪಾತ್ರ ಅವರೂ ಇದ್ದಾರೆ. ಆ ಉತ್ತರಕ್ಕೆ ಮಕ್ಕಳ ಆಟದ ಹಲಗೆಯ ಹೆಸರು, 'ಸೀ-ಸಾ'. ನಮ್ಮ ಹಳ್ಳಿಯ ಬಾವಿಗಳ ಮೇಲೆ ಹಿಂದೆ ಇರುತ್ತಿದ್ದ ಏತವನ್ನು ನೆನೆದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಂದು ತುದಿ ಇಳಿದಷ್ಟೂ ಇನ್ನೊಂದು ಏರುತ್ತದೆ. ಬಲಗೈಯ ನ್ಯೂಟ್ರಿನೋ ಭಾರವಾಗಿದ್ದಷ್ಟೂ ಎಡಗೈಯದು ಹಗುರವಾಗುತ್ತದೆ. ಆ ಕಾಣದ ತುದಿಯಲ್ಲಿ ಕುಳಿತಿರಬಹುದಾದದ್ದೇ ಭಾರ ನ್ಯೂಟ್ರಿನೋ.

ಇದು ಕೇವಲ ತೂಕದ ಲೆಕ್ಕವಾಗಿದ್ದರೆ ಇಷ್ಟು ಜನ ಇದರ ಹಿಂದೆ ಬೀಳುತ್ತಿರಲಿಲ್ಲ. ವಿಶ್ವದ ಆದಿಯಲ್ಲಿ ದ್ರವ್ಯವೂ ಪ್ರತಿದ್ರವ್ಯವೂ ಸಮಸಮವಾಗಿ ಹುಟ್ಟಿದ್ದರೆ ಎರಡೂ ಪರಸ್ಪರ ನಾಶವಾಗಿ ನಾವು ಯಾರೂ ಇರುತ್ತಿರಲಿಲ್ಲ. ದ್ರವ್ಯದ ಪಾಲು ಕಿಂಚಿತ್ತು ಹೆಚ್ಚಾಗಲು ಭಾರ ನ್ಯೂಟ್ರಿನೋಗಳ ಸಾವು ಕಾರಣವಿರಬಹುದೆಂದು ಫುಕುಗಿತಾ ಮತ್ತು ಯಾನಾಗಿದಾ 1986ರಲ್ಲಿ ಸೂಚಿಸಿದರು. ಮೂರು ಭಾರ ನ್ಯೂಟ್ರಿನೋಗಳನ್ನು ಸೇರಿಸಿದರೆ ಸಾಕು, ನ್ಯೂಟ್ರಿನೋಗಳ ತೂಕ, ದ್ರವ್ಯದ ಮೇಲುಗೈ, ಕಪ್ಪುದ್ರವ್ಯ ಈ ಮೂರೂ ಒಗಟುಗಳು ಬಿಡಿಸಿಕೊಳ್ಳಬಹುದು ಎಂದು ಶಪೋಷ್ನಿಕೋವ್ ಮತ್ತು ಸಂಗಡಿಗರು 2005ರಲ್ಲಿ ವಾದಿಸಿದರು. ಅದು ನಿಜವೇ ಎಂದು ಯಾರೂ ಹೇಳಲಾರರು. ಆದರೆ ಅವರ ಲೆಕ್ಕದ ಎರಡು ಕಣಗಳು ಪ್ರೋಟಾನಿನ ತೂಕದ ಆಸುಪಾಸಿನಲ್ಲಿರಬಹುದು, ಅಂದರೆ ಇಂದಿನ ಯಂತ್ರಗಳ ಕೈಗೆಟುಕಬಹುದು. ಆಸೆ ಹುಟ್ಟಿದ್ದು ಅಲ್ಲಿ.

ಹುಟ್ಟಿಸುವ ಬಗೆ ತಾತ್ವಿಕವಾಗಿ ಸರಳ. ಸಾಮಾನ್ಯ ನ್ಯೂಟ್ರಿನೋ ಹುಟ್ಟುವ ಯಾವುದೇ ಜಾಗದಲ್ಲಿ, ಶಕ್ತಿ ಸಾಕಷ್ಟಿದ್ದರೆ, ಎಂದಾದರೊಮ್ಮೆ ಅದರ ಬದಲು ಭಾರ ನ್ಯೂಟ್ರಿನೋ ಹುಟ್ಟಬಹುದು. ಎಷ್ಟು ಅಪರೂಪಕ್ಕೆ ಎಂಬುದು ಎರಡರ ನಡುವಿನ ಬೆರಕೆಯನ್ನು ಅವಲಂಬಿಸಿದೆ. ಕಣ ಪ್ರೋಟಾನಿನ ಅರ್ಧದಷ್ಟು ತೂಕದ್ದಾದರೆ ಕೇಯಾನ್‌ಗಳ ವಿಘಟನೆಯಲ್ಲಿ ಹುಡುಕಬೇಕು. ಒಂದೆರಡು ಪಟ್ಟಾದರೆ ಚಾರ್ಮ್ ಕ್ವಾರ್ಕುಳ್ಳ ಕಣಗಳಲ್ಲಿ. ನಾಲ್ಕೈದು ಪಟ್ಟಾದರೆ ಬಾಟಮ್ ಕ್ವಾರ್ಕುಳ್ಳವುಗಳಲ್ಲಿ. ಅದಕ್ಕೂ ಮೇಲಾದರೆ ಡಬ್ಲ್ಯು ಮತ್ತು ಝೆಡ್ ಕಣಗಳಲ್ಲಿ. ಹುಟ್ಟಿದ ಭಾರ ನ್ಯೂಟ್ರಿನೋ ಯಾವ ಗೆರೆಯನ್ನೂ ಮೂಡಿಸದೆ ಒಂದಷ್ಟು ದೂರ ಸಾಗುತ್ತದೆ. ಕೆಲವು ಮಿಲಿಮೀಟರ್ ಇರಬಹುದು, ಕೆಲವು ಕಿಲೋಮೀಟರ್ ಇರಬಹುದು. ಆಮೇಲೆ ಖಾಲಿ ಜಾಗದಲ್ಲಿ, ಅಲ್ಲಿಗೆ ಯಾವ ಕಣವೂ ಬಂದ ಗುರುತಿಲ್ಲದೆ, ಕವಣೆಯ ಕವೆಯ ಹಾಗೆ ಎರಡು ಗೆರೆಗಳು ಒಡೆದು ಮೂಡುತ್ತವೆ. ನನ್ನ ವಿದ್ಯಾರ್ಥಿನಿ ಐದು ವರ್ಷ ಹುಡುಕಿದ್ದು ಆ ಕವೆಯನ್ನು, ಜಿನೀವಾ ಬಳಿಯ ಸರ್ನ್‌ನಲ್ಲಿರುವ 27 ಕಿಲೋಮೀಟರ್ ಸುತ್ತಳತೆಯ ಎಲ್‌ಎಚ್‌ಸಿ ಯಂತ್ರದ ದತ್ತಾಂಶದಲ್ಲಿ.

ಸುಳ್ಳು ಕವೆಗಳನ್ನು ಬಿಡಿಸುವುದೇ ಅಲ್ಲಿನ ನಿಜವಾದ ಕೆಲಸ. ಸಾಮಾನ್ಯ ಕಣವೊಂದು ಸಂಸೂಚಕದ ಲೋಹದ ತುಣುಕಿಗೆ ಬಡಿದರೂ ಕವೆ ಮೂಡುತ್ತದೆ. ಅಲ್ಪಾಯುಷಿಯಾದ ಬೇರೆ ಕಣಗಳೂ ಕವೆಯಾಗಿಯೇ ಸಾಯುತ್ತವೆ. ಸಂಬಂಧವೇ ಇಲ್ಲದ ಎರಡು ಗೆರೆಗಳು ಆಕಸ್ಮಿಕವಾಗಿ ಒಂದೆಡೆ ಸಂಧಿಸಬಹುದು. ಇವು ಎಷ್ಟು ಬರಬೇಕೆಂದು ಮುಂಚಿತವಾಗಿ ಲೆಕ್ಕ ಹಾಕಿ, ಉತ್ತರ ಇರಬಹುದಾದ ಭಾಗವನ್ನು ತಾವೇ ಮುಚ್ಚಿಟ್ಟುಕೊಂಡು, ಎಲ್ಲ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅದನ್ನು ತೆರೆದು ನೋಡುತ್ತಾರೆ. ಆಸೆ ಲೆಕ್ಕವನ್ನು ಕೆಡಿಸಬಾರದೆಂದು ಮಾಡಿಕೊಂಡ ಶಿಸ್ತು ಇದು. ನಮ್ಮ ಸಾರ್ವಜನಿಕ ಬದುಕಿನ ಇನ್ನಾವ ವಿಭಾಗದಲ್ಲಿ ಇಂಥ ಏರ್ಪಾಡು ಇದೆಯೋ ನಾನು ಕಾಣೆ.

ತೆರೆದು ನೋಡಿದಾಗ ಏನೂ ಇಲ್ಲದಿದ್ದರೆ ಸಿಗುವುದು ಒಂದು ಗಡಿ. ಸರ್ನ್‌ನ ಹಿಂದಿನ ಯಂತ್ರವಾದ ಎಲ್‌ಇಪಿಯಲ್ಲಿ ಡೆಲ್ಫಿ ತಂಡ ಮೂವತ್ತು ಲಕ್ಷಕ್ಕೂ ಹೆಚ್ಚು ಝೆಡ್ ಕಣಗಳನ್ನು ಜರಡಿ ಹಿಡಿದು 1997ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ. ಪ್ರೋಟಾನಿನ ಸುಮಾರು ನಾಲ್ಕರಿಂದ ಐವತ್ತು ಪಟ್ಟು ತೂಕದ ಭಾರ ನ್ಯೂಟ್ರಿನೋ ಇದ್ದರೂ, ಹತ್ತು ಲಕ್ಷ ಝೆಡ್ ಕಣಗಳಲ್ಲಿ ಸರಾಸರಿ ಒಂದೆರಡಕ್ಕಿಂತ ಹೆಚ್ಚು ಅದನ್ನು ಹುಟ್ಟಿಸಲಾರವು ಎಂಬುದು ಅದರ ಸಾರ. ಎಲ್‌ಎಚ್‌ಸಿ ಪ್ರಯೋಗಗಳು ಕೆಲವು ತೂಕಗಳಿಗೆ ಈ ಬೇಲಿಯನ್ನು ಇನ್ನಷ್ಟು ಒಳಕ್ಕೆ ಸರಿಸಿವೆ. ನನ್ನ ವಿದ್ಯಾರ್ಥಿನಿಯ ಪ್ರಬಂಧವೂ ಆ ಬೇಲಿಯ ಒಂದು ಗೂಟ. ಮುಂದೆ ಯಂತ್ರ ಕಟ್ಟುವವರು ಆ ಜಾಗದಲ್ಲಿ ಮತ್ತೆ ಅಗೆಯಬೇಕಾಗಿಲ್ಲ.

ಹೀಗೆಂದಾಗ ನನ್ನ ಮಿತ್ರರು ಒಪ್ಪಲಿಲ್ಲ. 'ಅದೆಲ್ಲ ಅವರ ದೇಶದ ಕಥೆ. ದುಡ್ಡಿರೋರು ಹುಡುಕ್ತಾರೆ. ನಮಗ್ಯಾಕೆ ಅದು?' ಎಂದರು. ಆಗ ನಾನು ಅವರಿಗೆ ಕೋಲಾರದ ಕಥೆ ಹೇಳಬೇಕಾಯಿತು.

ಕೋಲಾರದ ಚಿನ್ನದ ಗಣಿಯಲ್ಲಿ ಭೌತವಿಜ್ಞಾನದ ಕೆಲಸ ಆರಂಭವಾದದ್ದು 1950ರ ದಶಕದ ಮೊದಲಲ್ಲಿ. ಹೋಮಿ ಭಾಭಾ ಅವರ ಸೂಚನೆಯಂತೆ ಗಣಿಯೊಳಕ್ಕೆ ಉಪಕರಣ ಇಳಿಸಿದವರು ನಂಜನಗೂಡಿನ ಬಿ.ವಿ. ಶ್ರೀಕಂಠನ್, ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು. ವಿಶ್ವಕಿರಣಗಳಿಂದ ಹುಟ್ಟುವ ಮ್ಯುಯಾನ್ ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಅಳೆಯುವುದು ಅವರ ಉದ್ದೇಶ. 1960ರ ದಶಕದ ಆರಂಭದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಮತ್ತು ಸಂಗಡಿಗರು, ಜಪಾನಿನ ಮಿಯಾಕೆ ಅವರೊಡಗೂಡಿ, ಉಪಕರಣವನ್ನು ಹಂತಹಂತವಾಗಿ ಕೆಳಗೆ ಒಯ್ದರು. ಕೊನೆಗೆ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ಎರಡು ತಿಂಗಳ ಕಾಲ ಕಾದರು. ಒಂದು ಮ್ಯುಯಾನ್ ಕೂಡ ಬರಲಿಲ್ಲ.

ಆ ಎರಡು ತಿಂಗಳ ಶ್ರಮಕ್ಕೆ ಪ್ರತಿಯಾಗಿ ಅವರ ಪುಸ್ತಕದಲ್ಲಿ ದಾಖಲಾದದ್ದು ಸೊನ್ನೆ. ನಮ್ಮ ಸಂದರ್ಶನ ಸಮಿತಿಯ ಸದಸ್ಯರಾಗಿದ್ದರೆ ನಕ್ಕುಬಿಡುತ್ತಿದ್ದರೇನೋ. ಅವರಿಗೆ ಹೊಳೆದದ್ದು ಬೇರೆ: ಮ್ಯುಯಾನ್‌ಗಳ ಗದ್ದಲ ಇಷ್ಟು ಪೂರ್ಣವಾಗಿ ಅಡಗಿರುವ ಜಾಗದಲ್ಲಿ, ಅಷ್ಟೂ ಬಂಡೆಯನ್ನು ಹಾದು ಬರಬಲ್ಲ ನ್ಯೂಟ್ರಿನೋದ ಪಿಸುಮಾತು ಕೇಳಿಸಬಹುದಲ್ಲ! ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದ ತಂಡಗಳು ಕೂಡಿ ಉಪಕರಣಗಳನ್ನು ಪಕ್ಕಕ್ಕೆ ಮುಖ ಮಾಡಿ ನಿಲ್ಲಿಸಿದವು. ಮೇಲಿನಿಂದ ಮ್ಯುಯಾನ್ ಬಂದೀತು. ಅಡ್ಡಲಾಗಿ ಬಂಡೆಯ ಕಡೆಯಿಂದ ಬರುವುದಿದ್ದರೆ ಅದು ನ್ಯೂಟ್ರಿನೋ ಹುಟ್ಟಿಸಿದ್ದೇ ಆಗಿರಬೇಕು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು ಕಂಡ ಆ ವರದಿ 1965ರ ಆಗಸ್ಟ್ 15ರ ಸಂಚಿಕೆಯಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಹುಡುಕಾಟದಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಎರಡು ವಾರದ ನಂತರ ಬಂತು. (ಮೊದಲ ನ್ಯೂಟ್ರಿನೋ ಘಟನೆಯನ್ನು ದಾಖಲಿಸಿಕೊಂಡವರು ರೈನ್ಸ್ ಎಂಬುದನ್ನೂ ಹೇಳಬೇಕು; ಮೊದಲು ಪ್ರಕಟಿಸಿದ ಹಿರಿಮೆ ಕೋಲಾರದ್ದು.)

ನನ್ನ ಇಂದಿನ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಇದರ ಮುಂದಿನ ಅಧ್ಯಾಯ. ಅದೇ ಪ್ರಯೋಗಗಳಲ್ಲಿ ಬೆರಳೆಣಿಕೆಯ ಕೆಲವು ಘಟನೆಗಳು ಯಾವ ಲೆಕ್ಕಕ್ಕೂ ಸಿಗಲಿಲ್ಲ. ಗೆರೆಗಳು ಬಂಡೆಯಿಂದ ಹೊರಟಿರಲಿಲ್ಲ, ಉಪಕರಣದ ಲೋಹದಿಂದಲೂ ಹೊರಟಿರಲಿಲ್ಲ. ಬಂಡೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲಿ, ಏನೂ ಇಲ್ಲದ ಜಾಗದಲ್ಲಿ, ಎರಡೋ ಮೂರೋ ಗೆರೆಗಳು ಕವಲೊಡೆದಿದ್ದವು. ನ್ಯೂಟ್ರಿನೋ ಒಂದು ಗಾಳಿಗೆ ಬಡಿದು ಹಾಗಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಕೃಷ್ಣಸ್ವಾಮಿ, ಮೆನನ್, ನರಸಿಂಹಂ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪ್ರಕಟಿಸಿದರು. ಪ್ರೋಟಾನಿನ ಕೆಲವು ಪಟ್ಟು ತೂಕದ, ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಆಸುಪಾಸು ಬಾಳುವ ಹೊಸ ಕಣವೊಂದು ಬಂಡೆಯಲ್ಲಿ ಹುಟ್ಟಿ, ಗಾಳಿಗೆ ಬಂದು ಸತ್ತಿರಬಹುದೆಂದು ಸೂಚಿಸಿದರು. ವಿದ್ಯುದಂಶವಿಲ್ಲದ ಭಾರವಾದ ಲೆಪ್ಟಾನ್, ಅಂದರೆ ಇಂದು ನಾವು ಭಾರ ನ್ಯೂಟ್ರಿನೋ ಎನ್ನುವಂಥ ಕಣ, ಅಂದು ಚರ್ಚೆಯಾದ ವಿವರಣೆಗಳಲ್ಲಿ ಒಂದು. ಸೀ-ಸಾ ಸಿದ್ಧಾಂತ ಇನ್ನೂ ಹುಟ್ಟಿರಲಿಲ್ಲ. ಜಗತ್ತಿನ ಭೌತವಿಜ್ಞಾನಿಗಳು ಇವನ್ನು 'ಕೋಲಾರದ ಘಟನೆಗಳು' ಎಂದೇ ಕರೆದರು.

ಸರ್ನ್ ಮತ್ತು ಅಮೆರಿಕದ ಫರ್ಮಿಲ್ಯಾಬ್‌ಗಳು ತಮ್ಮ ನ್ಯೂಟ್ರಿನೋ ಕಿರಣಗಳಲ್ಲಿ ಕೂಡಲೇ ಹುಡುಕಿದವು. ಸಿಗಲಿಲ್ಲ. ಬಹುಮಂದಿಗೆ ಅಲ್ಲಿಗೆ ಮಾತು ಮುಗಿಯಿತು. ಆದರೆ ಯಂತ್ರದಲ್ಲಿ ಹುಟ್ಟಿಸಿದ ನ್ಯೂಟ್ರಿನೋಗಳಿಂದ ಆ ಕಣ ಬರುವುದಿಲ್ಲ ಎಂದು ಆ ಪ್ರಯೋಗಗಳು ತೋರಿಸಿದವೇ ಹೊರತು, ಕೋಲಾರದಲ್ಲಿ ಕಂಡದ್ದು ಏನು ಎಂಬುದನ್ನು ಹೇಳಲಿಲ್ಲ. 1980ರ ದಶಕದಲ್ಲಿ ಪ್ರೋಟಾನಿನ ಅಳಿವನ್ನು ಹುಡುಕಲು ಅದೇ ಗಣಿಯಲ್ಲಿ ನಿಲ್ಲಿಸಿದ ಬೇರೊಂದು ಉಪಕರಣದಲ್ಲೂ ಇಂಥ ಘಟನೆ ಕಂಡುಬಂತು. 2014ರಲ್ಲಿ ಮೂರ್ತಿ ಮತ್ತು ರಾಜಶೇಖರನ್ ಎಂಬ ಚೆನ್ನೈನ ಇಬ್ಬರು ಸಿದ್ಧಾಂತಿಗಳು ಹಳೆಯ ಕಡತ ತೆರೆದು, ಇವು ಕಪ್ಪುದ್ರವ್ಯದ ಕಣಗಳ ಸಾವಿರಬಹುದೇ ಎಂದು ಕೇಳಿದರು. ನನ್ನ ಅಭಿಪ್ರಾಯ ಕೇಳುವುದಾದರೆ, ಹೊಸ ಕಣಕ್ಕಿಂತ ಆಕಸ್ಮಿಕಗಳ ಕೂಟವೇ ಹೆಚ್ಚು ಸಂಭಾವ್ಯ. ಕೆಲವೇ ಘಟನೆಗಳ ಮೇಲೆ ಹೊಸ ಭೌತವಿಜ್ಞಾನ ಕಟ್ಟಬಾರದು. ಆದರೆ ಅಭಿಪ್ರಾಯ ತೀರ್ಪಲ್ಲ. ಅದೇ ಆಳದಲ್ಲಿ, ಹೆಚ್ಚು ದೊಡ್ಡ ಖಾಲಿ ಜಾಗವಿಟ್ಟು, ಹೆಚ್ಚು ಸೂಕ್ಷ್ಮ ಉಪಕರಣದಿಂದ ಮತ್ತೆ ನೋಡಿದ್ದರೆ ಹತ್ತೇ ವರ್ಷದಲ್ಲಿ ಹೌದು ಅಥವಾ ಇಲ್ಲ ಎಂದಾಗುತ್ತಿತ್ತು. ನಾವು ನೋಡಲಿಲ್ಲ. 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಗಣಿ ಬಿಟ್ಟರು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತವು, ನೀರು ಏರಿತು. ಸಾವಿರಾರು ಕಾರ್ಮಿಕ ಕುಟುಂಬಗಳ ಬದುಕು ಮುಳುಗಿದ ಆ ಕಥೆಯ ಮುಂದೆ ಕೆಲವು ಗೆರೆಗಳ ಒಗಟು ಅಲ್ಪವೇ. ಆದರೂ ಅದು ನಮ್ಮದೇ ಒಗಟಾಗಿತ್ತು.

ಇಲ್ಲ ಎನ್ನುವುದಕ್ಕೆ ಎಷ್ಟು ಶ್ರಮ ಬೇಕು ಎಂಬುದಕ್ಕೆ ಭಾರ ನ್ಯೂಟ್ರಿನೋದ ಚರಿತ್ರೆಯಿಂದಲೇ ಇನ್ನೊಂದು ನಿದರ್ಶನವಿದೆ. ಕೆನಡಾದ ಜಾನ್ ಸಿಂಪ್ಸನ್ 1985ರಲ್ಲಿ, ಎಲೆಕ್ಟ್ರಾನಿನ ಮೂವತ್ತನೇ ಒಂದು ಪಾಲು ತೂಕದ, 17 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ನ್ಯೂಟ್ರಿನೋ ಕಂಡೆನೆಂದು ಪ್ರಕಟಿಸಿದರು. ವಿಕಿರಣಶೀಲ ಪರಮಾಣುಗಳಿಂದ ಹೊಮ್ಮುವ ಎಲೆಕ್ಟ್ರಾನುಗಳ ಶಕ್ತಿಯ ನಕ್ಷೆಯಲ್ಲಿ ಒಂದು ಸಣ್ಣ ಕೊಂಕು ಕಂಡಿತ್ತು. ಕೆಲವರು ಇಲ್ಲವೆಂದರು, ಕೆಲವರು ಹೌದೆಂದರು. ಆಕ್ಸ್‌ಫರ್ಡ್‌ನ ಆಂಡ್ರ್ಯೂ ಹೈಮ್ ಮತ್ತು ನಿಕ್ ಜೆಲ್ಲಿ 1991ರಲ್ಲಿ ಹೌದೆಂದವರು. ಜಗಳ ಎಂಟು ವರ್ಷ ನಡೆಯಿತು. ಅದನ್ನು ಮುಗಿಸಿದ ಪ್ರಯೋಗಗಳಲ್ಲಿ ಒಂದು ಅಮೆರಿಕದ ಆರ್ಗಾನ್ ಪ್ರಯೋಗಾಲಯದ್ದು. ಅವರು ಕೊಂಕು ಕಾಣುತ್ತಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ತಮ್ಮ ಗಂಧಕದ ಮಾದರಿಗೆ ತಾವೇ ಚೂರು ವಿಕಿರಣಶೀಲ ಇಂಗಾಲ ಬೆರೆಸಿ ಕೃತಕವಾಗಿ ಅಂಥದೇ ಕೊಂಕು ಹುಟ್ಟಿಸಿದರು. ಅದು ಅವರ ಉಪಕರಣದಲ್ಲಿ ಸ್ಪಷ್ಟವಾಗಿ ಕಂಡಿತು. ಅಂದರೆ, ಇದ್ದಿದ್ದರೆ ನಾವು ನೋಡುತ್ತಿದ್ದೆವು ಎಂದು ಸಾಬೀತು ಮಾಡಿದ ಮೇಲೆಯೇ ಇಲ್ಲ ಎಂದರು. ಇನ್ನೊಂದು ಕಡೆ, ಹೌದೆಂದಿದ್ದ ಹೈಮ್ ಅವರೇ ತಮ್ಮ ಉಪಕರಣದ ರಂಧ್ರದ ಅಂಚಿನಲ್ಲಿ ಎಲೆಕ್ಟ್ರಾನುಗಳು ಚದುರಿ ಆ ಕೊಂಕು ಹುಟ್ಟಿರಬಹುದೆಂದು 1993ರಲ್ಲಿ ಬರೆದರು. ತಮ್ಮದೇ ಶೋಧವನ್ನು ತಾವೇ ಅಳಿಸಿದ ಆ ಲೇಖನವನ್ನು ಯಾವ ಶ್ರೇಯಾಂಕ ಪಟ್ಟಿಯಲ್ಲಿ ಹೇಗೆ ಎಣಿಸುತ್ತಾರೋ!

ಪತ್ರಿಕೆಗಳಲ್ಲಿ ಬರೆಯುವ ನಾವೂ ಇದರಲ್ಲಿ ನಿರಪರಾಧಿಗಳಲ್ಲ. 2011ರಲ್ಲಿ ನ್ಯೂಟ್ರಿನೋ ಬೆಳಕನ್ನು ಹಿಂದಿಕ್ಕಿತು ಎಂಬ ಸುದ್ದಿಗೆ ಮುಖಪುಟ ಸಿಕ್ಕಿತು. ಸಡಿಲವಾಗಿ ಜೋಡಿಸಿದ್ದ ಕೇಬಲ್ಲೊಂದು ಅದಕ್ಕೆ ಕಾರಣವೆಂದು ಮರುವರ್ಷ ತಿಳಿದಾಗ ಅಷ್ಟೇ ಜಾಗ ಸಿಕ್ಕಿತೇ?

ಈಗ ವರ್ತಮಾನಕ್ಕೆ ಬರೋಣ. ಸರ್ನ್ 2024ರ ಮಾರ್ಚ್‌ನಲ್ಲಿ 'ಶಿಪ್' ಎಂಬ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. 400 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನುಗಳನ್ನು ಲೋಹದ ದಿಮ್ಮಿಗೆ ಅಪ್ಪಳಿಸಿ, ಹುಟ್ಟಿದ ಎಲ್ಲ ಸಾಮಾನ್ಯ ಕಣಗಳನ್ನು ತಡೆಗೋಡೆ ಮತ್ತು ಅಯಸ್ಕಾಂತಗಳಿಂದ ನಿವಾರಿಸಿ, ಅದರಾಚೆಗೆ ಸುಮಾರು 50 ಮೀಟರ್ ಉದ್ದದ ಕೊಳವೆಯೊಂದರೊಳಗೆ ಏನಾದರೂ ಕವಲೊಡೆಯುತ್ತದೆಯೇ ಎಂದು ಕಾಯುವುದು ಅದರ ಕ್ರಮ. ಬಂಡೆಯಲ್ಲಿ ಹುಟ್ಟು, ಖಾಲಿಯಲ್ಲಿ ಸಾವು: ಕೋಲಾರದ ಗುಹೆಯಲ್ಲಿ ಆಕಸ್ಮಿಕವಾಗಿ ಒದಗಿದ್ದ ಏರ್ಪಾಡನ್ನೇ ಇಲ್ಲಿ ಉದ್ದೇಶಪೂರ್ವಕವಾಗಿ, ಅಪಾರ ಪ್ರಮಾಣದಲ್ಲಿ ಕಟ್ಟುತ್ತಿದ್ದಾರೆ. ದತ್ತಾಂಶ ಬರುವುದು 2030ರ ದಶಕದಲ್ಲಿ. ಭಾರತ 2017ರಿಂದ ಸರ್ನ್‌ನ ಸಹಸದಸ್ಯ ರಾಷ್ಟ್ರ. ಆದ್ದರಿಂದ ಅದು 'ಅವರ ದೇಶದ ಕಥೆ' ಎಂಬ ನನ್ನ ಮಿತ್ರರ ಮಾತು ಅರ್ಧ ಮಾತ್ರ ಸರಿ. ನಮ್ಮ ತೆರಿಗೆಯ ದುಡ್ಡೂ ಅಲ್ಲಿಗೆ ಹೋಗುತ್ತದೆ.

ನಮ್ಮ ನೆಲದ ಕಥೆ ಹೀಗಿದೆ. ಭಾರತದ ನ್ಯೂಟ್ರಿನೋ ವೀಕ್ಷಣಾಲಯ, ಐಎನ್‌ಒ, ಮೊದಲು ನೀಲಗಿರಿಯ ಸಿಂಗಾರದಲ್ಲಿ ಬರಬೇಕಿತ್ತು. ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೈನ ಅಂಚು ಅದು. ಆನೆ, ಹುಲಿಗಳ ದಾರಿ. 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇಡವೆಂದಿತು. ಅದು ಸರಿಯಾದ ನಿರ್ಧಾರವಾಗಿತ್ತೆಂದೇ ನಾನು ತಿಳಿಯುತ್ತೇನೆ. ಆಮೇಲೆ ತಮಿಳುನಾಡಿನ ತೇನಿ ಜಿಲ್ಲೆಯ ಪೊಟ್ಟಿಪುರಂ. ಅಲ್ಲಿ ಬೆಟ್ಟದ ಬುಡದಲ್ಲಿ ಸುರಂಗ ಕೊರೆದು 50,000 ಟನ್ ಕಬ್ಬಿಣದ ಸಂಸೂಚಕ ಕಟ್ಟುವ ಯೋಜನೆಗೆ 2015ರ ಜನವರಿಯಲ್ಲಿ ಸಂಪುಟ ಅನುಮೋದನೆ ನೀಡಿತು. ಮೊತ್ತ ಸುಮಾರು 1,500 ಕೋಟಿ ರೂಪಾಯಿ. ಅದರ ಮುಖ್ಯ ಗುರಿ ಹಗುರ ನ್ಯೂಟ್ರಿನೋಗಳ ತೂಕದ ಕ್ರಮ ತಿಳಿಯುವುದಾಗಿತ್ತು. ಗುಹೆಯ ಖಾಲಿ ಜಾಗದಲ್ಲಿ ಕೋಲಾರದಂಥ ಘಟನೆಗಳನ್ನು ಮತ್ತೆ ಹುಡುಕಬಹುದೆಂಬ ಲೆಕ್ಕಾಚಾರವೂ ನಡೆದಿತ್ತು. 2017ರಲ್ಲಿ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನು ತಡೆಹಿಡಿಯಿತು, 2018ರಲ್ಲಿ ಕೇಂದ್ರ ಹೊಸದಾಗಿ ಅನುಮತಿ ಕೊಟ್ಟಿತು, 2022ರಲ್ಲಿ ತಮಿಳುನಾಡು ಸರ್ಕಾರ ಅಲ್ಲಿ ಅವಕಾಶ ಕೊಡಲಾಗದೆಂದು ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. ಐಎನ್‌ಒಗೆ ಸಂಪುಟದ ಒಪ್ಪಿಗೆ ಸಿಕ್ಕ 2015ರಲ್ಲೇ ನಿರ್ಮಾಣ ಆರಂಭಿಸಿದ ಚೀನಾದ ಜುನೋ ಪ್ರಯೋಗ 2025ರ ಆಗಸ್ಟ್‌ನಿಂದ ದತ್ತಾಂಶ ಸಂಗ್ರಹಿಸುತ್ತಿದೆ. ತೂಕದ ಕ್ರಮವೇ ಅದರ ಗುರಿ ಕೂಡ.

ವಿರೋಧಿಸಿದ ಹಳ್ಳಿಗರನ್ನು ವಿಜ್ಞಾನದ ವೈರಿಗಳೆಂದು ಬಿಂಬಿಸುವುದು ಸುಲಭ, ಅನ್ಯಾಯವೂ ಹೌದು. ನ್ಯೂಟ್ರಿನೋದಿಂದ ವಿಕಿರಣ ಬರುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅವು ಹೇಗೂ ನಮ್ಮೆಲ್ಲರನ್ನು ಹಗಲಿರುಳು ಹಾದುಹೋಗುತ್ತಿವೆ. ಆದರೆ ಸಿಡಿಮದ್ದು, ದೂಳು, ಅಂತರ್ಜಲ, ಮೇವಿನ ದಾರಿ ಇವು ನಿಜವಾದ ಪ್ರಶ್ನೆಗಳು. ಅವರ ಭಾಷೆಯಲ್ಲಿ ಉತ್ತರ ಹೇಳಲು ವಿಜ್ಞಾನಿಗಳು ಹೊರಟದ್ದು ತಡವಾಗಿ. ನನ್ನ ಆಕ್ಷೇಪ ನಿರಾಕರಣೆಯ ಬಗ್ಗೆ ಅಲ್ಲ, ನಿರ್ಧಾರವಿಲ್ಲದ ಈ ತ್ರಿಶಂಕು ಸ್ಥಿತಿಯ ಬಗ್ಗೆ. ಪೊಟ್ಟಿಪುರಂ ಬೇಡವೆಂದಾದರೆ ಬೇಡವೆಂದು ಹೇಳಿ, ಬೇರೆ ಜಾಗ ಹುಡುಕಲಿ. ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ 2017ರಲ್ಲಿ ಒಂದು ಸಣ್ಣ ಪ್ರಯೋಗಾಲಯ ತೆರೆಯಿತು. ಕೋಲಾರದ ಆಳಕ್ಕೆ ಹೋಲಿಸಿದರೆ ಅದು ಕಾಲು ಭಾಗ. ಆದರೂ ಹೊಸ ಬೆಟ್ಟ ಕೊರೆಯದೆ, ಇರುವ ಗಣಿಯಲ್ಲಿ ಕೆಲಸ ಮಾಡಬಹುದೆಂಬುದಕ್ಕೆ ಅದು ಸಾಕ್ಷಿ. ಹಾಗೆಯೇ ಕೋಲಾರದ ಘಟನೆಗಳ ಮೂಲ ಛಾಯಾಚಿತ್ರಗಳು, ದಾಖಲೆ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ತೆರೆದಿಡಬೇಕು. ಇದಕ್ಕೆ ಬೇಕಾಗುವ ಹಣ ನಮ್ಮ ನಗರದ ಒಂದು ಮೇಲ್ಸೇತುವೆಯ ಒಂದು ಕಂಬದಷ್ಟೂ ಆಗಲಾರದು.

ಮೂರನೆಯದು ದುಡ್ಡಿನ ಮಾತೇ ಅಲ್ಲ. ಸಂದರ್ಶನ ಸಮಿತಿಗಳು ಕೇಳಬೇಕಾದ ಪ್ರಶ್ನೆ 'ಏನು ಸಿಕ್ಕಿತು' ಎಂಬುದಲ್ಲ. 'ಇದ್ದಿದ್ದರೆ ನಿಮಗೆ ಸಿಗುತ್ತಿತ್ತೇ' ಎಂಬುದು. ಮೊದಲ ಪ್ರಶ್ನೆಗೆ ಅದೃಷ್ಟವೂ ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಉತ್ತರ ಕೊಡಲು ಉಪಕರಣ ಗೊತ್ತಿರಬೇಕು, ಲೆಕ್ಕ ಗೊತ್ತಿರಬೇಕು, ತನ್ನ ತಪ್ಪುಗಳ ಪರಿಚಯವಿರಬೇಕು. ಆ ಹುಡುಗಿ ಅದಕ್ಕೆ ಅರ್ಧ ಗಂಟೆ ಉತ್ತರ ಹೇಳಬಲ್ಲಳು, ನಾನು ಕೇಳಿದ್ದೇನೆ. ಯಾವ ಪರೀಕ್ಷೆಯಲ್ಲಿ ಎಷ್ಟು ಸುಳ್ಳು ಕವೆಗಳು ಉಳಿಯುತ್ತವೆ, ಅವನ್ನು ಹೇಗೆ ಅಳೆದೆ, ಎಲ್ಲಿ ತನಗೆ ಇನ್ನೂ ಅನುಮಾನವಿದೆ ಎಂದು ಒಂದೊಂದಾಗಿ ವಿವರಿಸುವಾಗ ಆಕೆ ಯಾವುದನ್ನೂ ದೊಡ್ಡದು ಮಾಡಲಿಲ್ಲ, ಯಾವುದನ್ನೂ ಮುಚ್ಚಿಡಲಿಲ್ಲ. ಇಂಥವರನ್ನು ಬೇಡವೆನ್ನುವ ಸಂಸ್ಥೆಗಳು ಆಮೇಲೆ ನಮ್ಮಲ್ಲಿ ನೊಬೆಲ್ ಯಾಕೆ ಬರುವುದಿಲ್ಲವೆಂದು ವಿಚಾರ ಸಂಕಿರಣ ನಡೆಸುತ್ತವೆ.

ಆಕೆ ಮುಂದಿನ ತಿಂಗಳು ಮತ್ತೆ ಹೊರಡುತ್ತಿದ್ದಾಳೆ. ಹುಡುಕುವುದು ಅದೇ ಕಣವನ್ನು, ಬೇರೊಂದು ಯಂತ್ರದಲ್ಲಿ. ಮೊನ್ನೆ ಬೆಳಿಗ್ಗೆ ಅವಳ ತಂದೆ ಮತ್ತೆ ಕೇಳಿದರು: 'ಈ ಸಲವಾದ್ರೂ ಸಿಗುತ್ತಾ, ಮೇಷ್ಟ್ರೇ?'

ಗೊತ್ತಿಲ್ಲ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, 'ಲೆಕ್ಕ ಸರಿಯಾಗಿ ಬರೀಲಿ ಬಿಡಿ' ಎಂದು ಎದ್ದು ನಡೆದರು.